ಬೋಂಗಾ ಬೀಳುವ ಮುನ್ನ ಏರಿ ಒದ್ದೆಯಾಗುತ್ತದೆ

ಕಾಲುವೆಯ ಕೆಳಗೆ ಬೇಸಾಯ ಮಾಡುವವರಿಗೆ ಈ ಮಾತು ಹೊಸದಲ್ಲ. ಕಾಲುವೆ ಒಂದೇ ರಾತ್ರಿ ಬೋಂಗಾ ಬಿದ್ದು ಒಡೆದಂತೆ ಕಂಡರೂ ಒಡೆಯುವ ಕೆಲಸ ಬಹಳ ದಿನಗಳಿಂದ ನಡೆದೇ ಇರುತ್ತದೆ. ಮೊದಲು ಏರಿಯ ಹೊರಮೈ ಒದ್ದೆಯಾಗುತ್ತದೆ. ಬಿರುಬೇಸಿಗೆಯಲ್ಲೂ ಅಲ್ಲಿ ಮಾತ್ರ ಹುಲ್ಲು ಹಸಿರಾಗಿ ನಿಲ್ಲುತ್ತದೆ. ಏಡಿ ತೋಡಿದ ಬಿಲದಿಂದ ಬೆರಳು ಗಾತ್ರದ ನೀರು ಜಿನುಗುತ್ತದೆ. ದನ ಮೇಯಿಸುವವರು ಜಾಗ ತಂಪಾಗಿದೆ ಎಂದು ಅಲ್ಲೇ ಕುಳಿತು ಬುತ್ತಿ ಬಿಚ್ಚುತ್ತಾರೆ. ಜಿನುಗುವ ನೀರು ತಿಳಿಯಾಗಿರುವ ತನಕ ಸಮಯವಿದೆ. ಮಣ್ಣು ಹೊತ್ತು ರಾಡಿಯಾಗಿ ಬರತೊಡಗಿದರೆ ಇಲ್ಲ. ನಾರಾಯಣಪುರ ಬಲದಂಡೆಯ ನೀರು ನಂಬಿದ ದೇವದುರ್ಗ ಸೀಮೆಯವರೂ ತುಂಗಭದ್ರಾ ಎಡದಂಡೆ ನಂಬಿದ ಮಾನ್ವಿ ಸೀಮೆಯವರೂ ಬೋಂಗಾ ಬಿದ್ದ ಮೇಲೆ ಹೊಲ ಹೇಗಿರುತ್ತದೆಂದು ಬಲ್ಲರು. ಬೋಂಗಾ ಬಿದ್ದ ದಿನ ಊರಿಗೆ ಊರೇ ಓಡುತ್ತದೆ. ಏರಿ ಒದ್ದೆಯಾದ ದಿನ ಯಾರೂ ಬರುವುದಿಲ್ಲ.

ಅರಕೇರಾದಲ್ಲಿ, ಅರಕೇರಾದಂಥ ರಾಯಚೂರು ಜಿಲ್ಲೆಯ ಹತ್ತಾರು ಊರುಗಳಲ್ಲಿ ಈಗ ಏರಿ ಒದ್ದೆಯಾಗಿದೆ. ಸಂಜೆ ಚಹಾದಂಗಡಿಯ ಮುಂದೆ ನಿಂತು ನೋಡಿ. ಹುಡುಗರು ಗುಂಪಾಗಿ ಕ್ರಿಕೆಟ್ ನೋಡುತ್ತಿರುತ್ತಾರೆ, ಆದರೆ ಯಾವ ತಂಡ ಗೆಲ್ಲುತ್ತದೆ ಎಂಬುದು ಅವರಲ್ಲಿ ಕೆಲವರಿಗೆ ಬೇಕಾಗಿಲ್ಲ. ಆರು ಓವರಿಗೆ ಎಷ್ಟಾಗುತ್ತದೆ, ಈ ಓವರಿಗೆ ಎಷ್ಟು, ಮುಂದಿನ ಚೆಂಡಿಗೆ ಏನು ಎಂಬುದಷ್ಟೇ ಬೇಕು. ಸಿಕ್ಸರ್ ಬಿದ್ದಾಗ ಒಬ್ಬ ಕೂಗುತ್ತಾನೆ, ಪಕ್ಕದಲ್ಲಿದ್ದವನ ಮುಖ ಬಿಳಿಚಿಕೊಳ್ಳುತ್ತದೆ. ಇಬ್ಬರೂ ಒಂದೇ ತಂಡದ ಅಭಿಮಾನಿಗಳು. ಅಪ್ಪ ಹತ್ತಿರ ಬಂದರೆ ಮೊಬೈಲ್ ಬೋರಲು ಬೀಳುತ್ತದೆ. ಅವ್ವನ ಖಾತೆಗೆ ಗೃಹಲಕ್ಷ್ಮಿಯ 2,000 ರೂಪಾಯಿ ಬಂದ ದಿನ ಮಗನಿಗೆ ಅವ್ವನ ಮೊಬೈಲ್ ಮೇಲೆ ಎಂದಿಲ್ಲದ ಅಕ್ಕರೆ ಹುಟ್ಟುತ್ತದೆ. ಬೆಂಗಳೂರಿಗೋ ಪುಣೆಗೋ ಗುಳೆ ಹೋದವನು ಯುಗಾದಿಗೆ ಊರಿಗೆ ಬರುತ್ತಾನೆ. ಮೈ ದುಡಿದ ಮೈ, ಜೇಬು ಮಾತ್ರ ಖಾಲಿ. ಬೈಕು ಕಾಣದಾಗುತ್ತದೆ, ಕೇಳಿದರೆ ರಿಪೇರಿಗೆ ಬಿಟ್ಟಿದ್ದೇನೆ ಎನ್ನುತ್ತಾನೆ, ಅದು ಗಿರವಿ ಇಟ್ಟಾಗಿರುತ್ತದೆ. ಸ್ತ್ರೀಶಕ್ತಿ ಸಂಘದ ಕಂತು ಎಂದೂ ತಪ್ಪದ ಮನೆಯಲ್ಲಿ ಒಂದು ವಾರ ತಪ್ಪುತ್ತದೆ. ಇವುಗಳಲ್ಲಿ ಒಂದನ್ನೇ ನೋಡಿದರೆ ಏನೂ ಅಲ್ಲ ಅನ್ನಿಸುತ್ತದೆ. ‘ಹುಡುಗ್ರು ಆಡ್ತಾವ ಬಿಡ್ರಿ, ನೂರು ಇನ್ನೂರಿನ ಮಾತು’ ಎಂದು ಹಿರಿಯರು ತಲೆ ಕೊಡವುತ್ತಾರೆ. ಈ ಸಂಪಾದಕೀಯ ಬರೆಯುತ್ತಿರುವುದು ಆ ‘ಬಿಡ್ರಿ’ ಎಂಬ ಮಾತಿನ ಮೇಲೆ.

ಯಾಕೆಂದರೆ ಈ ಬಾಜಿಯ ಆಟವನ್ನು ನಾವು ಹಿಂದೆ ನೋಡಿದ್ದೇವೆ. ಮಟ್ಕಾ ಬಂದಾಗಲೂ ಇದೇ ಮಾತು ಕೇಳಿತ್ತು. ಮಟ್ಕಾ ಹುಟ್ಟಿದ್ದೇ ಹತ್ತಿಯಿಂದ ಎಂಬುದು ಹತ್ತಿ ಬೆಳೆಯುವ ಈ ಜಿಲ್ಲೆಯಲ್ಲಿ ಬಹಳ ಜನರಿಗೆ ತಿಳಿಯದು. ನ್ಯೂಯಾರ್ಕಿನಿಂದ ಮುಂಬಯಿಗೆ ಬರುತ್ತಿದ್ದ ಹತ್ತಿಯ ಆರಂಭದ ದರ ಮತ್ತು ಮುಕ್ತಾಯದ ದರದ ಮೇಲೆ ಜನ ಪಣ ಕಟ್ಟುತ್ತಿದ್ದರು. ‘ಓಪನ್’, ‘ಕ್ಲೋಸ್’ ಎಂಬ ಮಾತುಗಳು ಅಲ್ಲಿನವು. 1960ರ ದಶಕದ ಆರಂಭದಲ್ಲಿ ಆ ದರ ಬರುವುದು ನಿಂತಿತು. ಜೂಜು ನಿಲ್ಲಲಿಲ್ಲ. ಅಂಕಿಯ ಚೀಟಿಗಳನ್ನು ಮಡಕೆಗೆ ಹಾಕಿ ಎತ್ತತೊಡಗಿದರು, ಆ ಮಡಕೆಯೇ ಮಟ್ಕಾ ಆಯಿತು. ಹತ್ತಿಗೆ ದರ ಸಿಗಲಿಲ್ಲವೆಂದು ರಾಯಚೂರು ಮಾರುಕಟ್ಟೆಯಿಂದ ತಲೆ ತಗ್ಗಿಸಿ ಮರಳಿದ ರೈತ, ಹತ್ತಿ ದರದ ಹೊಟ್ಟೆಯಲ್ಲಿ ಹುಟ್ಟಿದ ಆಟಕ್ಕೇ ಉಳಿದ ಹಣ ಕಟ್ಟಿ ಮನೆಗೆ ಬರಿಗೈಯಲ್ಲಿ ಹೋದದ್ದನ್ನು ಈ ಸೀಮೆ ಕಂಡಿದೆ.

ಆಮೇಲೆ ಲಾಟರಿ ಬಂತು. ಒಂದಂಕಿ ಲಾಟರಿಯ ದಿನಗಳಲ್ಲಿ ಹಮಾಲರು, ಆಟೊ ಓಡಿಸುವವರು, ಶಾಲೆಯ ಹುಡುಗರು ಬಸ್ ನಿಲ್ದಾಣದ ಬಳಿಯ ಮೇಜುಗಳನ್ನು ಮುತ್ತಿಕೊಂಡಿರುತ್ತಿದ್ದರು. 2007ರಲ್ಲಿ ಎಚ್.ಡಿ. ಕುಮಾರಸ್ವಾಮಿ ಅವರ ಸರ್ಕಾರ ಲಾಟರಿಯನ್ನು ನಿಷೇಧಿಸಿತು. ಅದೇ ವರ್ಷ ಜುಲೈ 1ಕ್ಕೆ ಸಾರಾಯಿಯೂ ಹೋಯಿತು. ಹೆಣ್ಣುಮಕ್ಕಳು ನೆಮ್ಮದಿಯ ಉಸಿರು ಬಿಟ್ಟರು, ಅದು ನ್ಯಾಯವೂ ಆಗಿತ್ತು. ಆದರೆ ಆ ನೆಮ್ಮದಿಯಲ್ಲಿ ನಾವೆಲ್ಲ ಒಂದು ತಪ್ಪು ಮಾಡಿದೆವು. ಕಾಯ್ದೆ ಬಂದದ್ದೇ ಕೆಲಸ ಮುಗಿಯಿತು ಎಂದುಕೊಂಡೆವು. ಎಂಟು ವರ್ಷಗಳ ನಂತರ, 2015ರಲ್ಲಿ, ಒಂದಂಕಿ ಲಾಟರಿ ಗುಟ್ಟಾಗಿ ನಡೆಯುತ್ತಿದ್ದುದು ಬಯಲಾಯಿತು. ಪೊಲೀಸ್ ಅಧಿಕಾರಿಗಳ ಹೆಸರುಗಳೂ ಕೇಳಿಬಂದು ತನಿಖೆ ಸಿಬಿಐಗೆ ಹೋಯಿತು. ಮೇಜು ಎತ್ತಿದ್ದರು, ಆಟ ಎದ್ದಿರಲಿಲ್ಲ.

ಈಗ ಮತ್ತೆ ಅಂಥದೇ ನೆಮ್ಮದಿಯ ಹೊತ್ತು ಬಂದಿದೆ, ನಮ್ಮ ಆತಂಕ ಇರುವುದು ಇಲ್ಲಿಯೇ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಹಣದಾಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಎರಡೇ ದಿನಗಳಲ್ಲಿ ಅಂಗೀಕರಿಸಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಇಂಥ ಆಟ ನಡೆಸುವವರಿಗೆ ಮೂರು ವರ್ಷಗಳವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಕೊಡುವವರಿಗೆ ಎರಡು ವರ್ಷ, 50 ಲಕ್ಷ. ಆಡಿದವನಿಗೆ ಶಿಕ್ಷೆಯಿಲ್ಲ, ಅವನನ್ನು ನೊಂದವನೆಂದೇ ಕಾಯ್ದೆ ನೋಡುತ್ತದೆ. ದೊಡ್ಡ ದೊಡ್ಡ ಕಂಪನಿಗಳು ಹಣದಾಟ ನಿಲ್ಲಿಸಿದವು. ಭಾರತ ತಂಡದ ಅಂಗಿಯ ಮೇಲಿದ್ದ ಡ್ರೀಮ್ ಇಲೆವೆನ್ ಹೆಸರು ಕಳಚಿತು. ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋದವು. ಇದು ಬೇಕಾಗಿದ್ದ ಕಾಯ್ದೆ, ಅದನ್ನು ತಂದವರಿಗೆ ಶರಣು. ಆದರೆ ಅದು ಮುಚ್ಚಿದ್ದು ಮುಂಬಾಗಿಲು. ಹಿಂಬಾಗಿಲಿನ ದಂಧೆ ಎಂದೂ ಯಾವ ಕಾಯ್ದೆಯ ಅಪ್ಪಣೆಯನ್ನೂ ಕೇಳಿದ್ದಿಲ್ಲ.

ಹಿಂಬಾಗಿಲು ಎಲ್ಲಿದೆ? ‘ಐಡಿ’ ಎಂಬ ಎರಡಕ್ಷರದಲ್ಲಿದೆ. ಊರಲ್ಲೋ ಪಕ್ಕದ ಊರಲ್ಲೋ ಒಬ್ಬನಿರುತ್ತಾನೆ. ವಾಟ್ಸಾಪಿನಲ್ಲಿ ಹಣ ಕಳಿಸಿದ ಚಿತ್ರ ತೋರಿಸಿದರೆ ಒಂದು ಹೆಸರು, ಒಂದು ಪಾಸ್‌ವರ್ಡ್ ಕೊಡುತ್ತಾನೆ. ಜಾಲತಾಣ ನಡೆಯುವುದು ಬೇರೆ ದೇಶದಿಂದ. ಹಣ ಹೋಗುವುದು ಕಂಪನಿಯ ಹೆಸರಿಗಲ್ಲ, ಯಾವನೋ ಬಡವನ ಬ್ಯಾಂಕ್ ಖಾತೆಗೆ. ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಚಿಹ್ನೆ ಇದು: ಕಾಲೇಜು ಹುಡುಗನಿಗೆ, ಕೂಲಿ ಮಾಡುವವನಿಗೆ ‘ಒಂದು ಖಾತೆ ತೆರೆದು ಎಟಿಎಂ ಕಾರ್ಡ್, ಸಿಮ್ ಕೊಡು, ತಿಂಗಳಿಗೆ ಇಷ್ಟು ಕೊಡುತ್ತೇವೆ’ ಎನ್ನುವವರು ಬಂದಿದ್ದಾರೆ. ಹುಡುಗನಿಗೆ ಅದು ಬಿಟ್ಟಿ ಬಾಡಿಗೆ. ನಾಳೆ ಬೇರೆ ರಾಜ್ಯದ ಪೊಲೀಸರು ಆ ಖಾತೆಯ ಜಾಡು ಹಿಡಿದು ಬಂದರೆ ಬಾಗಿಲು ತಟ್ಟುವುದು ಅವನ ಮನೆಯದನ್ನೇ. ದಂಧೆಯ ಮೇಲಿನ ತುದಿ ಎಷ್ಟು ಎತ್ತರದಲ್ಲಿದೆ ಎಂಬುದಕ್ಕೆ ಒಂದು ಸಂಗತಿ ಸಾಕು. ಅದೇ 2025ರ ಆಗಸ್ಟ್‌ನಲ್ಲಿ ಜಾರಿ ನಿರ್ದೇಶನಾಲಯ ಅಕ್ರಮ ಬೆಟ್ಟಿಂಗ್ ಪ್ರಕರಣದಲ್ಲಿ ಚಿತ್ರದುರ್ಗದ ಶಾಸಕರನ್ನೇ ಬಂಧಿಸಿತು. ಆರೋಪ ನಿಜವೋ ಸುಳ್ಳೋ ಎಂದು ಹೇಳಬೇಕಾದ್ದು ನ್ಯಾಯಾಲಯ. ಆದರೆ ಚಹಾದಂಗಡಿಯ ನೂರು ರೂಪಾಯಿ ಚಹಾದಂಗಡಿಯಲ್ಲಿ ಉಳಿಯುವುದಿಲ್ಲ ಎಂಬುದನ್ನು ತಿಳಿಯಲು ತೀರ್ಪಿಗೆ ಕಾಯಬೇಕಿಲ್ಲ.

ಹಳೆಯ ಜೂಜಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಹಿರಿಯರು ಅರಿಯಬೇಕು. ಮಟ್ಕಾಕ್ಕೆ ದಿನಕ್ಕೆ ಎರಡು ಹೊತ್ತು, ಓಪನ್ ಮತ್ತು ಕ್ಲೋಸ್. ನಡುವೆ ಮನುಷ್ಯ ಹೊಲಕ್ಕೆ ಹೋಗುತ್ತಿದ್ದ, ಉಣ್ಣುತ್ತಿದ್ದ, ಮಲಗುತ್ತಿದ್ದ. ಚೀಟಿ ಬರೆಸಲು ನಾಲ್ಕು ಹೆಜ್ಜೆ ನಡೆಯಬೇಕಿತ್ತು. ದಾರಿಯಲ್ಲಿ ಸೋದರಮಾವನೋ ಮೇಷ್ಟ್ರೋ ಕಂಡರೆ ನಾಚಿ ಹಿಂತಿರುಗುವ ಅವಕಾಶವಿತ್ತು. ಜೇಬಿನಲ್ಲಿದ್ದಷ್ಟೇ ಸೋಲುತ್ತಿದ್ದ. ಈಗ ಪ್ರತಿ ಚೆಂಡೂ ಒಂದು ಬಾಜಿ. ನಡೆಯಬೇಕಾಗಿಲ್ಲ, ನಾಚಬೇಕಾಗಿಲ್ಲ, ನೋಡುವವರಿಲ್ಲ. ಕೌದಿ ಹೊದ್ದು ಮಲಗಿದಲ್ಲೇ ಎಕರೆ ಹೊಲದ ಪೀಕು ಕರಗುತ್ತದೆ. ಜೇಬು ಬರಿದಾದರೂ ಆಟ ನಿಲ್ಲುವುದಿಲ್ಲ. ಸಾಲ ಕೊಡುವ ಆ್ಯಪ್ ಅದೇ ಮೊಬೈಲಿನಲ್ಲಿದೆ, ಐಡಿ ಕೊಟ್ಟವನು ಉದ್ದರಿಯನ್ನೂ ಕೊಡುತ್ತಾನೆ. ಮೊದಮೊದಲು ಗೆಲುವೂ ಬರುತ್ತದೆ. ಐದು ನೂರು ಗೆದ್ದವನು ಗೆಳೆಯರಿಗೆ ಮಿರ್ಚಿ ಕೊಡಿಸುತ್ತಾನೆ, ಅದನ್ನು ಊರು ನೋಡುತ್ತದೆ. ಐವತ್ತು ಸಾವಿರ ಸೋತವನು ಯಾರಿಗೂ ಹೇಳುವುದಿಲ್ಲ. ಹೀಗಾಗಿ ಊರಿನ ಕಣ್ಣಿಗೆ ಎಲ್ಲರೂ ಗೆದ್ದವರೇ.

ಕಾಲವೂ ನಮ್ಮ ವಿರುದ್ಧ ನಿಂತಿದೆ. ಐಪಿಎಲ್ ಶುರುವಾಗುವುದು ಮಾರ್ಚ್ ಕೊನೆಗೆ. ಆ ಹೊತ್ತಿಗೆ ಹತ್ತಿ ಮಾರಿಯಾಗಿರುತ್ತದೆ, ಮೆಣಸಿನಕಾಯಿಯ ಹಣ ಕೈಗೆ ಬಂದಿರುತ್ತದೆ, ಎರಡನೇ ಬೆಳೆಯ ಭತ್ತ ಕೊಯ್ಲಿಗೆ ಬರುತ್ತಿರುತ್ತದೆ, ಗುಳೆ ಹೋದವರು ಹಬ್ಬಕ್ಕೂ ಜಾತ್ರೆಗೂ ಮರಳಿರುತ್ತಾರೆ, ಕಾಲೇಜಿಗೆ ರಜೆ. ವರ್ಷದಲ್ಲಿ ಮನೆಯಲ್ಲಿ ಒಂದಿಷ್ಟು ಹಣ ಕಾಣುವುದು ಆಗಲೇ. ಮುಂಗಾರಿಗೆ ಬೀಜ, ಗೊಬ್ಬರ ತರಬೇಕಾದ್ದೂ ಆ ಹಣದಲ್ಲೇ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ದೇವದುರ್ಗವನ್ನು ಇರಿಸಿತ್ತು. ಬೆಂಗಳೂರಿನ ಸಂಬಳದಾರ ಹತ್ತು ಸಾವಿರ ಸೋತರೆ ಒಂದು ತಿಂಗಳು ಕಷ್ಟ. ಇಲ್ಲಿ ಹತ್ತು ಸಾವಿರ ಹೋದರೆ ಬಿತ್ತನೆಯೇ ಹೋಗುತ್ತದೆ.

ಹಾಗೆಯೇ ಬಿಟ್ಟರೆ ಮುಂದೇನು ಎಂಬುದಕ್ಕೆ ಕಣಿ ಕೇಳಬೇಕಿಲ್ಲ. ಮೊದಲು ಕೈಗಡ, ನಂತರ ಮೀಟರ್ ಬಡ್ಡಿ. ಮೊದಲು ಬೈಕು, ನಂತರ ಅವ್ವನ ಬೆಂಡೋಲೆ, ನಂತರ ಹೊಲ ಒತ್ತಿ. ಸುಳ್ಳು, ಆಮೇಲೆ ಕಳವು, ಆಮೇಲೆ ಮನೆ ಬಿಟ್ಟು ಹೋಗುವುದು. ಸಾಲ ಕೊಟ್ಟವರು ಅವನು ಸಿಗದಿದ್ದರೆ ಮನೆಯ ಹೆಣ್ಣುಮಕ್ಕಳ ಮುಂದೆ ನಿಲ್ಲುತ್ತಾರೆ. 2024ರ ಐಪಿಎಲ್ ಹೊತ್ತಿನಲ್ಲಿ ಚಿತ್ರದುರ್ಗ ಜಿಲ್ಲೆಯಲ್ಲಿ ಗಂಡನ ಬೆಟ್ಟಿಂಗ್ ಸಾಲಕ್ಕೆ ಹೆಂಡತಿ ಪ್ರಾಣ ಕಳೆದುಕೊಂಡ ಸುದ್ದಿ ಓದಿ ನಾಡು ಒಂದು ದಿನ ಮರುಗಿತು. ಬಾಜಿ ಕಟ್ಟಿದ್ದು ಒಬ್ಬರು, ತೆತ್ತದ್ದು ಇನ್ನೊಬ್ಬರು. ಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದದ್ದು ಸರಿಯೇ. ಆದರೆ ಬಾಜಿ ಸಾಲ ಕೊಡುವವನು ಕಾಗದ ಬರೆಸಿಕೊಳ್ಳುವುದಿಲ್ಲ, ಅವನ ವಿರುದ್ಧ ದೂರು ಕೊಡಲು ಹೋದವನಿಗೆ ಮೊದಲು ತನ್ನದೇ ಗುಟ್ಟು ಬಿಚ್ಚಬೇಕಾದ ಭಯ.

ಕಾನೂನು ಯಾಕೆ ಇಷ್ಟು ತಡವಾಯಿತು? ಅದರ ಬೇರು ನಮ್ಮ ಸೀಮೆಗೂ ತಗುಲಿದೆ. ರಾಯಚೂರು ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ ಫಸಲಿ 1305ರ ಜೂಜು ಕಾಯ್ದೆಯೊಂದಿತ್ತು. ಆ ಕಾಯ್ದೆಯಡಿ ಸಿಕಂದರಾಬಾದಿನ ಕ್ಲಬ್ಬೊಂದರ ರಮ್ಮಿ ಆಟ 1960ರ ದಶಕದಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋದಾಗ, ರಮ್ಮಿ ಬಹುಪಾಲು ಜಾಣ್ಮೆಯ ಆಟ ಎಂದು ತೀರ್ಮಾನವಾಯಿತು. ಕ್ಲಬ್ಬಿನಲ್ಲಿ ನಾಲ್ಕು ಜನ ಇಸ್ಪೀಟು ಹಿಡಿದು ಕೂತ ಕಾಲದ ಆ ಮಾತನ್ನು ಲಕ್ಷಾಂತರ ಮೊಬೈಲುಗಳ ಕಂಪನಿಗಳು ಛತ್ರಿಯಾಗಿ ಹಿಡಿದವು. 2021ರ ಅಕ್ಟೋಬರಿನಲ್ಲಿ ಕರ್ನಾಟಕ ತನ್ನ ಪೊಲೀಸ್ ಕಾಯ್ದೆ ತಿದ್ದಿ ಆನ್‌ಲೈನ್ ಬಾಜಿ ನಿಷೇಧಿಸಿತು. ಜಾಣ್ಮೆಯ ಆಟಕ್ಕೂ ಅದೃಷ್ಟದ ಆಟಕ್ಕೂ ಭೇದ ಮಾಡಿಲ್ಲವೆಂದು 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದನ್ನು ರದ್ದು ಮಾಡಿತು. 1963ರ ಹಳೆಯ ಕಾಯ್ದೆಯಡಿ ದಾಖಲಾದ ಎಷ್ಟೋ ಪ್ರಕರಣಗಳು ಮ್ಯಾಜಿಸ್ಟ್ರೇಟರ ಅನುಮತಿ ಪಡೆಯದ ಕಾರಣಕ್ಕೇ ಬಿದ್ದುಹೋದವು.

ಆಟವೂ ಉಳಿಯಲಿಲ್ಲ. ಹಳ್ಳಿಯ ಪ್ರತಿಭೆಗೆ ಏಣಿಯಾಗಬೇಕಿದ್ದ ಕರ್ನಾಟಕ ಪ್ರೀಮಿಯರ್ ಲೀಗಿನಲ್ಲಿ 2019ರಲ್ಲಿ ಪಂದ್ಯ ನಿಗದಿಯ ಆರೋಪ ಬಂತು. 2022ರ ಜನವರಿಯಲ್ಲಿ ಹೈಕೋರ್ಟ್ ಪ್ರಕರಣ ರದ್ದು ಮಾಡುತ್ತ, ಪಂದ್ಯ ನಿಗದಿ ವಂಚನೆಯ ಕಲಮಿನೊಳಗೆ ಬರುವುದಿಲ್ಲ ಎಂದಿತು. ಆ ಹೆಸರಿನ ಲೀಗ್ ಮತ್ತೆ ನಡೆಯಲಿಲ್ಲ. ಅರಕೇರಾದ ಮೈದಾನದಲ್ಲಿ ಟೆನಿಸ್ ಚೆಂಡಿನಲ್ಲಿ ಬೌಲಿಂಗ್ ಕಲಿಯುವ ಹುಡುಗನಿಗೆ ಇದರಿಂದ ಹೋದದ್ದು ಎಷ್ಟೆಂದು ಯಾರೂ ಲೆಕ್ಕ ಹಾಕಿಲ್ಲ.

ಇಷ್ಟಾದರೂ ನಮ್ಮ ನಿಜವಾದ ಎದುರಾಳಿ ಬುಕ್ಕಿಯಲ್ಲ. ಅವನು ಮೂರು ಸಮಾಧಾನಗಳ ನೆರಳಿನಲ್ಲಿ ಬದುಕುತ್ತಾನೆ. ‘ಕಾಯ್ದೆ ಬಂದೈತಲ್ಲ’ ಎಂಬುದು ಮೊದಲನೆಯದು. ‘ನಮ್ಮ ಹುಡುಗ ಅಂಥವನಲ್ಲ’ ಎಂಬುದು ಎರಡನೆಯದು. ‘ಚಿಲ್ಲರೆ ಹಣ’ ಎಂಬುದು ಮೂರನೆಯದು. 2007ರಲ್ಲಿ ಮೊದಲನೆಯದನ್ನು ನಂಬಿ ಕೆಟ್ಟೆವು. ಎರಡನೆಯದನ್ನು ಸಾಲದಲ್ಲಿ ಮುಳುಗಿದ ಪ್ರತಿ ಮನೆಯೂ ಒಮ್ಮೆ ಹೇಳಿತ್ತು. ಮೂರನೆಯದಕ್ಕೆ ಉತ್ತರ ಏಡಿಯ ಬಿಲ.

ದೊಡ್ಡಾಟದಲ್ಲಿ ದ್ರೌಪದಿಯ ವಸ್ತ್ರಾಪಹರಣ ನೋಡುತ್ತ ನಮ್ಮ ಹೆಣ್ಣುಮಕ್ಕಳು ಕಣ್ಣೊರೆಸಿಕೊಳ್ಳುವುದು ಶಕುನಿಯ ಮೇಲಿನ ಸಿಟ್ಟಿಗಷ್ಟೇ ಅಲ್ಲ. ಭೀಷ್ಮರು ಆ ಸಭೆಯಲ್ಲೇ ಕುಳಿತಿದ್ದರು ಎಂಬ ನೋವಿಗೆ.

ಆದ್ದರಿಂದ ಸಭೆಯಲ್ಲಿ ಕುಳಿತವರಿಗೆ ಕೆಲವು ಮಾತು.

ಪೊಲೀಸರಿಗೆ: ಆಡುವ ಹುಡುಗನ ಕೊರಳಪಟ್ಟಿ ಹಿಡಿಯಬೇಡಿ, ಐಡಿ ಕೊಡುವವನನ್ನು ಹಿಡಿಯಿರಿ. ಆಟ ನಡೆಸುವುದನ್ನು ಹೊಸ ಕಾಯ್ದೆ ಜಾಮೀನಿಲ್ಲದ ಅಪರಾಧವಾಗಿಸಿದೆ. ಹಳೆಯ ಕಾಯ್ದೆಯ ಲೋಪ ಇನ್ನು ನೆಪವಾಗದಿರಲಿ. ಬೀಟ್ ಪೊಲೀಸರಿಗೆ ಗೊತ್ತಿಲ್ಲದ ಹೆಸರು ಊರಲ್ಲಿ ಇರುವುದಿಲ್ಲ.

ಬ್ಯಾಂಕಿನವರಿಗೆ: ಕೂಲಿಯವನ ಖಾತೆಯಲ್ಲಿ ಒಂದೇ ವಾರ ಲಕ್ಷಾಂತರ ರೂಪಾಯಿ ಬಂದು ಹೋದರೆ ಅವನನ್ನು ಕರೆದು ಕೇಳಿ. ಆ ಒಂದು ಪ್ರಶ್ನೆ ಅವನನ್ನು ಜೈಲಿನಿಂದ ಉಳಿಸಬಹುದು.

ಗ್ರಾಮ ಪಂಚಾಯಿತಿಗಳಿಗೆ: ಐಪಿಎಲ್ ಶುರುವಾಗುವ ಮುನ್ನ ಗ್ರಾಮಸಭೆಯಲ್ಲಿ ಈ ಮಾತು ಬರಲಿ. ಸಂಘದ ಹೆಣ್ಣುಮಕ್ಕಳನ್ನು ಮುಂದೆ ಕೂರಿಸಿ. ಕಂತು ತಪ್ಪಿದ ಮನೆಯ ಸುದ್ದಿ ಎಲ್ಲರಿಗಿಂತ ಮೊದಲು ಅವರಿಗೇ ತಿಳಿಯುತ್ತದೆ.

ಮೇಷ್ಟ್ರುಗಳಿಗೆ: ಖಾತೆ ಬಾಡಿಗೆಗೆ ಕೊಡುವುದು ಎಂಥ ಬಲೆ ಎಂದು ಪಿಯು ಮಕ್ಕಳಿಗೆ ಒಂದು ತರಗತಿ ಹೇಳಿ.

ಮನೆಯವರಿಗೆ: ಇದು ಚಟವಷ್ಟೇ ಅಲ್ಲ, ಕಾಯಿಲೆಯೂ ಹೌದು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಜೂಜಿನ ಗೀಳಿಗೆ ಹೆಸರಿದೆ. ಮದ್ದಿದೆ. ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ. ರಾಯಚೂರಿನ ರಿಮ್ಸ್‌ನಲ್ಲಿ ಮನೋವೈದ್ಯರಿದ್ದಾರೆ. ಹಣ ಮೋಸ ಹೋಗಿದ್ದರೆ ತಡಮಾಡದೆ 1930ಕ್ಕೆ ತಿಳಿಸಿ.

ಬೈಗುಳದಿಂದ ಯಾರೂ ಬಿಟ್ಟಿಲ್ಲ. ಬೈದರೆ ಅವನು ಅಡಗುತ್ತಾನೆ, ಅಡಗಿದವನು ಇನ್ನೂ ಸಾಲ ಮಾಡುತ್ತಾನೆ.

ಇಂದು ರಾತ್ರಿ ಊಟಕ್ಕೆ ಕೂತಾಗ ಮನೆಯ ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ. ಪಂದ್ಯದ ಮಾತಿನಿಂದಲೇ ಶುರು ಮಾಡಿ. ‘ಎಷ್ಟು ಆಗೈತಿ ಹೇಳಪ್ಪ, ಕೂಡಿ ತೀರಿಸೋಣ’ ಎಂದು ಕೇಳಿ.

ಅವನು ಏನೂ ಇಲ್ಲ ಎಂದರೆ, ನಾಳೆ ಮತ್ತೊಮ್ಮೆ ಕೇಳಿ.